ಕೋಲಾರಕ್ಕೊಂದು ಸಮಕಾಲೀನ ಕಲಾ ಮ್ಯೂಸಿಯಂ ಕಟ್ಟೋದಾದ್ರೆ ಕಟ್ಟಡ ಹೇಗಿರಬೇಕು? ಕಲ್ಲೋ, ಕಾಂಕ್ರೀಟೋ, ಬೆಳಕು ಯಾವ ಕಡೆಯಿಂದ?

ಕೋಲಾರದ_ಕುಂಚ:
ಬೆಂಗಳೂರಿನಲ್ಲಿ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಇದೆ, ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, ಚಿತ್ರಕಲಾ ಪರಿಷತ್ತು ಇದೆ, 2023ರಿಂದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಕೂಡ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಬಂದರೆ ಇವತ್ತಿನ ಕಲೆಗೆ ಅಂತಲೇ ಕಟ್ಟಿದ ಒಳ್ಳೆಯ ಕಟ್ಟಡ ಹುಡುಕಬೇಕು. ಸಮುದಾಯ ಭವನದ ಹಾಲ್‌ನಲ್ಲಿ ಬಟ್ಟೆ ಕಟ್ಟಿ ಚಿತ್ರ ನೇತುಹಾಕೋದು ಎಷ್ಟು ದಿನ? ಹಾಗಾಗಿ ಪ್ರಶ್ನೆ: ಕೋಲಾರದ ಹತ್ತಿರ ಎರಡು ಎಕರೆ ಜಾಗ, ಒಟ್ಟು 2000 ಚದರ ಮೀಟರ್ ಕಟ್ಟಡ ಅಂದುಕೊಳ್ಳಿ. ಚಿತ್ರ, ಶಿಲ್ಪ, ವಿಡಿಯೋ, ಇನ್‌ಸ್ಟಲೇಷನ್ (ಕೋಣೆಯ ಜಾಗವನ್ನೇ ಬಳಸಿ ಕಟ್ಟೋ ಕೃತಿ) ಎಲ್ಲಾ ಬರಬೇಕು. ಕಟ್ಟಡ ಹೇಗಿರಬೇಕು? ನನ್ನ ಒಲವು ನಮ್ಮ ಗ್ರಾನೈಟ್ ಕಡೆಗೆ. ಗೋಡೆ, ಸೂರು, ನೆಲ ಎಲ್ಲಾ ಕಲ್ಲು, ಬೆಳಕಿಗೆ ಉತ್ತರಕ್ಕೆ ಮುಖ ಮಾಡಿದ ಗಾಜು. ತಪ್ಪಿದ್ದರೆ ಹೇಳಿ.

ಸೈಜುಗಲ್ಲು:
ಪೂರ್ತಿ ಒಪ್ಪಿದೆ. ಕಾಲ ಕೆಳಗೇ ಕಲ್ಲಿರುವಾಗ ಬೇರೆ ಕಡೆಯಿಂದ ಅಲ್ಯೂಮಿನಿಯಂ ಶೀಟು ತಂದು ಮೈಗೆ ಸುತ್ತೋದು ಯಾಕೆ. ನಂದಿಯ ಭೋಗನಂದೀಶ್ವರ, ಊರೊಳಗಿನ ಸೋಮೇಶ್ವರ, ಕೋಲಾರಮ್ಮ ಎಲ್ಲಾ ನಿಂತೇ ಇವೆ.

ಪಾಯದ_ಲೆಕ್ಕ:
ನಿಂತಿವೆ, ಆದರೆ ಕಂಬಗಳು ಎಷ್ಟು ಹತ್ತಿರ ಹತ್ತಿರ ನಿಂತಿವೆ ನೋಡಿದಿರಾ? ಕಲ್ಲು ಒತ್ತಡ ತಡೆಯುತ್ತೆ, ಬಾಗು ತಡೆಯಲ್ಲ. ಲೆಕ್ಕ ಹಾಕೋಣ. 10 ಸೆಂ.ಮೀ. ದಪ್ಪದ ಚಪ್ಪಡಿ, 3 ಮೀಟರ್ ಅಂತರ, ಸ್ವಂತ ತೂಕದ ಜೊತೆ ಮೇಲೆ ಜನ ಓಡಾಡುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್. ಕೆಳಮೈಯಲ್ಲಿ ಎಳೆತ ಸುಮಾರು 2.8 ಮೆಗಾಪಾಸ್ಕಲ್ ಬರುತ್ತೆ. ಒಳ್ಳೆಯ ಗ್ರಾನೈಟ್‌ನ ಬಾಗುಬಲ 10ರಿಂದ 15. ಅಂದರೆ 3 ಮೀಟರ್ ತನಕ ನಿಶ್ಚಿಂತೆ. ಅದೇ ಚಪ್ಪಡಿ 6 ಮೀಟರಿಗೆ ಹಾಕಿದರೆ ಎಳೆತ ನಾಲ್ಕು ಪಟ್ಟು, 11 ದಾಟುತ್ತೆ, ಮುರಿಯುತ್ತೆ. ಕಲ್ಲಿಗೆ ಮುರಿಯೋ ಮುಂಚೆ ಬಾಗಿ ಎಚ್ಚರಿಸೋ ಗುಣವೂ ಇಲ್ಲ. ಒಳಗೊಂದು ಕೂದಲೆಳೆಯಷ್ಟು ಬಿರುಕು ಇದ್ದರೆ ಅಷ್ಟೂ ಬೇಕಾಗಿಲ್ಲ.

ಇನ್‌ಸ್ಟಲೇಷನ್‌ಗೆ ಕಂಬವಿಲ್ಲದ 9–10 ಮೀಟರ್ ಅಗಲ ಬೇಕು. ಆ ಸೂರು ಕಾಂಕ್ರೀಟ್ ತೊಲೆಯೋ, ಉಕ್ಕಿನ ಟ್ರಸ್ಸೋ, ಇಟ್ಟಿಗೆ ಕಮಾನೋ ಆಗಬೇಕು. ಚಪ್ಪಡಿ ಅಲ್ಲ.

ಬೆಳಕಿಂಡಿ:
ಕಲ್ಲಿನ ಮಾತು ನೀವು ಮುಗಿಸಿಕೊಳ್ಳಿ, ನಾನು ಗಾಜಿನ ಮಾತಿಗೆ ಬರ್ತೀನಿ. "ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಬೀಳಲ್ಲ" ಅನ್ನೋದು ಯುರೋಪಿನ ಪಾಠ. ಕೋಲಾರ ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ಆಗಸ್ಟ್ 18ರ ಸುತ್ತಮುತ್ತ ವಾಪಸ್ ದಕ್ಷಿಣಕ್ಕೆ ಬರ್ತಾನೆ. ಅಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ನಡುಮಧ್ಯಾಹ್ನವೂ ಬಿಸಿಲು ಉತ್ತರದಿಂದಲೇ. ಬೆಳಗ್ಗೆ, ಸಂಜೆಯ ಓರೆ ಬಿಸಿಲಂತೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮೂರನೇ ವಾರದ ತನಕ ಉತ್ತರದ ಗೋಡೆಗೆ ತಾಗುತ್ತೆ.

ಹಾಗಂತ ಉತ್ತರದ ಗಾಜು ಬೇಡ ಅಂತಿಲ್ಲ, ಸಜ್ಜ ಸರಿಯಾಗಿ ಹಾಕಿ ಅಂತೀನಿ. ಜೂನ್ 21ರ ಲೆಕ್ಕ ಇಟ್ಟುಕೊಳ್ಳಿ. ಗಾಜಿನ ಎತ್ತರ 1.5 ಮೀಟರ್ ಇದ್ದರೆ, ಮಧ್ಯಾಹ್ನ 12ಕ್ಕೆ ಬಿಸಿಲು ತಡೆಯೋಕೆ 27 ಸೆಂ.ಮೀ. ಸಜ್ಜ ಸಾಕು. 10 ಗಂಟೆಗೆ 36 ಸೆಂ.ಮೀ. ಬೇಕು. 8 ಗಂಟೆಗೆ 79 ಸೆಂ.ಮೀ. ಸೂರ್ಯನ ಗಂಟೆಯ ಲೆಕ್ಕ ಇದು, ಗಡಿಯಾರದ್ದಲ್ಲ. 8ಕ್ಕಿಂತ ಮುಂಚಿನದಕ್ಕೆ ಸಜ್ಜ ಉದ್ದ ಮಾಡ್ತಾ ಹೋಗೋದು ವ್ಯರ್ಥ. ಗಾಜಿನ ಪಕ್ಕದಲ್ಲಿ ನಿಂತ ರೆಕ್ಕೆಗಳು, ಅಂದರೆ ಲಂಬ ತಡೆಗಳು ಹಾಕಬೇಕು.

ಕೋಲಾರದ_ಕುಂಚ:
ಇದು ಹೊಳೆದೇ ಇರಲಿಲ್ಲ. ಭೋಪಾಲಿನ ಕಲಾಕೇಂದ್ರ ಭಾರತ್ ಭವನದ ಸೂರಿನ ಮೇಲಿನ ಬೆಳಕಿನ ಗೂಡುಗಳ ಥರ ಮಾಡಿದರೆ?

ಬೆಳಕಿಂಡಿ:
1982ರ ಆ ಕಟ್ಟಡದಿಂದ ಕಲಿಯೋದು ಬಹಳ ಇದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದನ್ನು ಕೆರೆಯ ಕಡೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಅಂಗಳಗಳ ಸುತ್ತ ಕೋಣೆಗಳನ್ನು ಕೂರಿಸಿದ್ದಾರೆ. ಅಂತರಗಂಗೆ ಬೆಟ್ಟದ ತಪ್ಪಲಿನ ಜಾಗಕ್ಕೆ ಆ ಕ್ರಮ ಚೆನ್ನಾಗಿ ಹೊಂದುತ್ತೆ. ಆದರೆ ಭೋಪಾಲ್ 23 ಡಿಗ್ರಿಯಲ್ಲಿದೆ, ಕರ್ಕಾಟಕ ವೃತ್ತದ ಅಂಚಿಗೆ. ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಜರುಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿನ ಕೋನವನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬಂದರೆ ಕೆಡುತ್ತೆ. ಅಮೆರಿಕದ ಮ್ಯೂಸಿಯಂಗಳಾದ ಫೋರ್ಟ್ ವರ್ತ್‌ನ ಕಿಂಬೆಲ್ 32 ಡಿಗ್ರಿ ದಾಟಿದೆ, ಹ್ಯೂಸ್ಟನ್‌ನ ಮೆನಿಲ್ 29 ದಾಟಿದೆ, ಅವೂ ಹಾಗೇ. ಉಪಾಯ ತೆಗೆದುಕೊಳ್ಳಿ, ಅಳತೆ ತೆಗೆದುಕೊಳ್ಳಬೇಡಿ.

ಉಪಾಯ ಅಂದರೆ, ಕಿಂಬೆಲ್‌ನಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಮಾಡಿದ್ದು ಕಮಾನಿನ ನೆತ್ತಿಯಲ್ಲಿ ಸಣ್ಣ ಸೀಳು, ಅದರ ಕೆಳಗೆ ಅಲ್ಯೂಮಿನಿಯಂ ರೆಕ್ಕೆ. ಬೆಳಕು ರೆಕ್ಕೆಗೆ ಬಡಿದು ಕಮಾನಿನ ಒಳಮೈ ಮೇಲೆ ಹರಡುತ್ತೆ, ಆಮೇಲೆ ಚಿತ್ರಕ್ಕೆ. ಒಂದೇ ಒಂದು ನೇರ ಕಿರಣ ಗೋಡೆಗೆ ಬರಲ್ಲ. ನಮ್ಮಲ್ಲಿ ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತೆ, ಒಳಗೆ ತೈಲವರ್ಣಕ್ಕೆ ಬೇಕಾಗಿರೋದು 200, ಕಾಗದ, ಬಟ್ಟೆ, ಜಲವರ್ಣಕ್ಕೆ 50. ಅಷ್ಟು ಇಳಿಸಬೇಕಾದರೆ ಬೆಳಕು ಕನಿಷ್ಠ ಎರಡು ಸಲ ಪುಟಿದು ಬರಬೇಕು.

ಉಗ್ರಾಣಿ:
ಗಾಜು ಲ್ಯಾಮಿನೇಟೆಡ್ ಆಗಿರಲಿ. ನಡುವಿನ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತೆ, ಒಡೆದರೂ ತುಂಡು ಕೆಳಗೆ ಬೀಳಲ್ಲ. ಇನ್ನೊಂದು ಮಾತು: ಲಕ್ಸ್ ಅನ್ನು ಆ ಕ್ಷಣದ ಅಂಕಿ ಅಂತ ನೋಡಬೇಡಿ, ವರ್ಷದ ಮೊತ್ತ ನೋಡಿ. 50 ಲಕ್ಸ್, ವರ್ಷಕ್ಕೆ 3000 ಗಂಟೆ ಅಂದರೆ ಒಂದೂವರೆ ಲಕ್ಷ ಲಕ್ಸ್-ಗಂಟೆ. ತಪ್ಪಿದ ಸಜ್ಜದಿಂದ ಒಂದು ಲಕ್ಷ ಲಕ್ಸ್‌ನ ನೇರ ಬಿಸಿಲು ಜಲವರ್ಣದ ಮೇಲೆ ಒಂದೂವರೆ ಗಂಟೆ ಬಿದ್ದರೆ ಆ ವರ್ಷದ ಪಾಲು ಮುಗಿಯಿತು. ಮಾಸಿದ ಬಣ್ಣ ವಾಪಸ್ ಬರಲ್ಲ.

ಕಲ್ಪತರು_ನಾಡು:
ಇಷ್ಟೆಲ್ಲಾ ಕೋಲಾರಕ್ಕೇ ಯಾಕೆ? ತುಮಕೂರಿಗೆ ಬರಲಿ. ಬೆಂಗಳೂರಿಗೂ ಹತ್ತಿರ, ಉತ್ತರ ಕರ್ನಾಟಕದ ದಾರಿಯಲ್ಲೂ ಇದೆ.

ನಂದಿ_ತಪ್ಪಲು:
ಚಿಕ್ಕಬಳ್ಳಾಪುರ ಬಿಟ್ಟುಬಿಟ್ರಲ್ಲ. ನಂದಿಗೆ ವಾರಾಂತ್ಯ ಬರೋ ಜನ ಸಾಲದಾ?

ಕೋಲಾರದ_ಕುಂಚ:
ಊರಿನ ಜಗಳ ಇನ್ನೊಂದು ದಿನ. ಅಕ್ಷಾಂಶ ಮೂರಕ್ಕೂ ಹೆಚ್ಚುಕಮ್ಮಿ ಒಂದೇ, ಕಲ್ಲೂ ಒಂದೇ. ಇಲ್ಲಿ ಹೇಳಿದ್ದು ಮೂರೂ ಕಡೆ ನಡೆಯುತ್ತೆ.

ಸೈಜುಗಲ್ಲು:
ಪಾಯದ_ಲೆಕ್ಕ ಅವರ ಮಾತು ಸೂರಿಗೆ ಸರಿ. ಗೋಡೆಗೆ ಏನು ತೊಂದರೆ? ಒಂದೂವರೆ ಅಡಿ ಕಲ್ಲಿನ ಗೋಡೆ ಒಳಗೆ ತಂಪಾಗಿರುತ್ತೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಎಸಿ ಖರ್ಚೂ ಉಳಿಯುತ್ತೆ.

ಮಾಲೂರು_ಹೆಂಚು:
ಗೊತ್ತು ಅಂತ ಹೇಳ್ತಾರೆ, ಅಳೆದು ನೋಡಲ್ಲ. ಗ್ರಾನೈಟ್ ಶಾಖವನ್ನು ಸರಾಗವಾಗಿ ಸಾಗಿಸೋ ಕಲ್ಲು. 45 ಸೆಂ.ಮೀ. ಕಲ್ಲುಗೋಡೆಯ ಯು-ಮೌಲ್ಯ, ಅಂದರೆ ಗೋಡೆ ದಾಟಿ ಎಷ್ಟು ಶಾಖ ಹಾಯುತ್ತೆ ಅನ್ನೋ ಅಂಕಿ, 3ರ ಹತ್ತಿರ. ಅದರ ಅರ್ಧ ದಪ್ಪದ, 23 ಸೆಂ.ಮೀ. ಇಟ್ಟಿಗೆ ಗೋಡೆ ಗಾರೆ ಮಾಡಿದರೆ 2ರ ಹತ್ತಿರ. ಕಡಿಮೆ ಇದ್ದಷ್ಟು ಒಳ್ಳೆಯದು. ಇಟ್ಟಿಗೆ ಗೆದ್ದಿತು.

ಪಾಯದ_ಲೆಕ್ಕ:
ಅಷ್ಟು ಸುಲಭಕ್ಕೆ ಗೆಲ್ಲಲಿಲ್ಲ. ಯು-ಮೌಲ್ಯ ಹೇಳೋದು ಒಳಗೂ ಹೊರಗೂ ತಾಪ ಸ್ಥಿರವಾಗಿದ್ದಾಗ ಏನಾಗುತ್ತೆ ಅಂತ. ನಮ್ಮಲ್ಲಿ ಹಗಲು ಏರುತ್ತೆ, ರಾತ್ರಿ ಇಳಿಯುತ್ತೆ. 45 ಸೆಂ.ಮೀ. ಗ್ರಾನೈಟ್ ಗೋಡೆ ದಿನದ ಆ ಏರಿಳಿತವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೆ, ತಲುಪೋದನ್ನು 9 ಗಂಟೆ ತಡ ಮಾಡುತ್ತೆ. ಮಧ್ಯಾಹ್ನ 3ರ ಬಿಸಿ ಒಳಮೈಗೆ ಬರೋದು ನಡುರಾತ್ರಿ. ಸೈಜುಗಲ್ಲು ಹೇಳೋ ತಂಪು ಇದೇ, ಸುಳ್ಳಲ್ಲ. ಆದರೆ ಏಪ್ರಿಲ್‌ನಲ್ಲಿ ದಿನದ ಸರಾಸರಿಯೇ ಮೇಲೇರುತ್ತಲ್ಲ, ಆಗ ಕಲ್ಲು ವಾರಗಟ್ಟಲೆ ಬಿಸಿ ತುಂಬಿಕೊಂಡು ಕೂರುತ್ತೆ. ಪಶ್ಚಿಮದ ಗೋಡೆಯಂತೂ ಒಲೆ.

ಉಗ್ರಾಣಿ:
ಮ್ಯೂಸಿಯಂಗೆ ನಡುರಾತ್ರಿಯೂ ಕೆಲಸದ ಹೊತ್ತೇ. ನೋಡುವವರು ಸಂಜೆ ಮನೆಗೆ ಹೋಗ್ತಾರೆ, ಕ್ಯಾನ್ವಾಸ್ ಹೋಗಲ್ಲ.

ಸೈಜುಗಲ್ಲು:
ಹಾಗಾದರೆ ಪರಿಹಾರ ಹೇಳಿ. ಕಲ್ಲು ಬಿಡೋಕೆ ಮನಸ್ಸಿಲ್ಲ.

ಪಾಯದ_ಲೆಕ್ಕ:
ಬಿಡಬೇಕಾಗಿಲ್ಲ. ಹೊರಗೆ ಕಲ್ಲು, 50 ಮಿ.ಮೀ. ರಾಕ್‌ವೂಲ್ (ಶಾಖ ತಡೆಯೋ ಕಲ್ಲಿನ ನಾರಿನ ಹಾಸು), ಒಳಗೆ ಬೇರೆ ಗೋಡೆ. ಯು-ಮೌಲ್ಯ 3ರಿಂದ 0.6ರ ಆಸುಪಾಸಿಗೆ ಇಳಿಯುತ್ತೆ. ಹೊರಗಿನ ಕಲ್ಲು ಬಿಸಿಲು ಮಳೆ ತಡೆಯುತ್ತೆ, ಒಳಗಿನ ಗೋಡೆ ಕಲೆಗೆ. ಎರಡರ ನಡುವೆ ಕಟ್ಟುವ ತಂತಿ, ಕೊಂಡಿ ಸ್ಟೇನ್‌ಲೆಸ್ ಸ್ಟೀಲ್ ಆಗಿರಬೇಕು. ಸಾಮಾನ್ಯ ಕಬ್ಬಿಣ ಹಾಕಿದರೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ. ಹೊರಗಿನ ಕಲ್ಲಿಗೂ ರಾಕ್‌ವೂಲ್‌ಗೂ ನಡುವೆ ಗಾಳಿಯ ಸಂದು ಬಿಟ್ಟು, ಬುಡದಲ್ಲಿ ನೀರು ಹೊರಬೀಳೋಕೆ ತೂತು ಬಿಡಿ. ಇದನ್ನು ಮರೆತರೆ ಗೋಡೆಯೊಳಗೆ ಹಸಿ ನಿಲ್ಲುತ್ತೆ, ರಾಕ್‌ವೂಲ್ ಕುಸಿದು ಕೂರುತ್ತೆ.

ಗೋಡೆಮೊಳೆ:
ಒಳಗೋಡೆ ಬೇಕು ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ: ಗ್ರಾನೈಟ್‌ಗೆ ಮೊಳೆ ಹೊಡೆಯೋಕೆ ಆಗಲ್ಲ. ಸಮಕಾಲೀನ ಮ್ಯೂಸಿಯಂ ಅಂದರೆ ಎರಡು ಮೂರು ತಿಂಗಳಿಗೊಮ್ಮೆ ಪ್ರದರ್ಶನ ಬದಲಾಗುತ್ತೆ. ಪ್ರತಿ ಸಲ ನೂರಾರು ತೂತು. ಕಲ್ಲಿಗೆ ಹ್ಯಾಮರ್ ಡ್ರಿಲ್ ಹಾಕಿದರೆ ತೂತಿನ ಬಾಯಿ ಚಕ್ಕೆ ಏಳುತ್ತೆ, ಮುಚ್ಚಿದ ಗುರುತು ಕಾಣುತ್ತೆ.

ಸರಿಯಾದ ಒಳಗೋಡೆ ಹೀಗೆ: ಉಕ್ಕಿನ ಚೌಕಟ್ಟು 40 ಸೆಂ.ಮೀ. ಅಂತರಕ್ಕೆ, ಮೇಲೆ 18 ಮಿ.ಮೀ. ಪ್ಲೈವುಡ್, ಅದರ ಮೇಲೆ 12 ಮಿ.ಮೀ. ಜಿಪ್ಸಂ ಬೋರ್ಡ್, ಮ್ಯಾಟ್ ಬಣ್ಣ. ಪ್ಲೈವುಡ್ ಇರೋದರಿಂದ ಎಲ್ಲಿ ಬೇಕಾದರೂ ಸ್ಕ್ರೂ ಹಿಡಿಯುತ್ತೆ. ಬರೀ ಜಿಪ್ಸಂ ಹಾಕಿ ಪ್ಲೈ ಉಳಿಸೋ ಗುತ್ತಿಗೆದಾರರ ಹತ್ತಿರ ಎಚ್ಚರ, ಭಾರದ ಚಿತ್ರ ಬೋರ್ಡ್ ಸಮೇತ ಕೆಳಗೆ ಬರುತ್ತೆ. ಪ್ಲೈ ಗೆದ್ದಲು ನಿರೋಧಕ ದರ್ಜೆಯದ್ದಿರಲಿ, ಪಾಯದಲ್ಲೇ ಗೆದ್ದಲಿಗೆ ಔಷಧ ಹೊಡೆದಿರಲಿ. ಬೋರ್ಡ್ ನೆಲಕ್ಕೆ ತಾಗಬಾರದು, 15 ಮಿ.ಮೀ. ಸಂದು ಬಿಡಿ. ನೆಲ ಒರೆಸಿದ ನೀರನ್ನು ಜಿಪ್ಸಂ ಹೀರಿಕೊಂಡು ಬುಡದಲ್ಲಿ ಬೂಷ್ಟು ಹಿಡಿಯುತ್ತೆ.

ಚಿತ್ರದ ನಡುಬಿಂದು ನೆಲದಿಂದ 145–155 ಸೆಂ.ಮೀ.ಗೆ ಬರೋ ಹಾಗೆ ನೇತುಹಾಕೋದು ರೂಢಿ. ಹಾಗಾಗಿ ಸ್ವಿಚ್, ಪ್ಲಗ್, ಫೈರ್ ಅಲಾರ್ಮ್ ಬಟನ್, ಎಸಿ ಕಂಟ್ರೋಲ್ ಯಾವುದೂ ಪ್ರದರ್ಶನದ ಗೋಡೆ ನಡುವೆ ಬರಬಾರದು. ನಕ್ಷೆಯಲ್ಲಿ ಚೆನ್ನಾಗಿ ಕಂಡ ಎಷ್ಟೋ ಗೋಡೆ ಇದರಿಂದಲೇ ಹಾಳಾಗೋದು.

ಕಲ್ಪತರು_ನಾಡು:
ಬಾಗಿಲ ಅಳತೆ ಬಗ್ಗೆ ಯಾರೂ ಮಾತಾಡ್ತಿಲ್ಲ.

ಗೋಡೆಮೊಳೆ:
ಬರ್ತಿದ್ದೆ ಅಲ್ಲಿಗೇ. ಲಾರಿ ನಿಲ್ಲೋ ಕಟ್ಟೆಯಿಂದ ಗ್ಯಾಲರಿ ತನಕ ಒಂದೇ ಒಂದು ಕಿರಿದಾದ ಬಾಗಿಲಿದ್ದರೂ ಇಡೀ ದಾರಿ ಅಷ್ಟೇ ಕಿರಿದು. ಬಾಗಿಲು 3 ಮೀಟರ್ ಅಗಲ, 3.5 ಎತ್ತರ, ಹೊಸ್ತಿಲಿಲ್ಲದೆ. ಕಟ್ಟೆ ಎತ್ತರ 1.2 ಮೀಟರ್, ಲಾರಿಯ ಹಲಗೆಗೆ ಸಮ. ಮೇಲೆ ಚಾವಣಿ ಬೇಕೇ ಬೇಕು, ಇಲ್ಲಿ ಅಕ್ಟೋಬರ್ ಮಳೆಯಲ್ಲಿ ಪೆಟ್ಟಿಗೆ ಇಳಿಸಬೇಕಾಗಿ ಬರುತ್ತೆ.

ತಿರುವಿನ ಲೆಕ್ಕ: ಕಾರಿಡಾರ್ 1.5 ಮೀಟರ್ ಅಗಲ ಇದ್ದು ನೇರ ಮೂಲೆ ತಿರುಗಿದರೆ, 30 ಸೆಂ.ಮೀ. ದಪ್ಪದ ಪೆಟ್ಟಿಗೆ 3.6 ಮೀಟರ್ ಉದ್ದಕ್ಕೆ ಸಿಕ್ಕಿಕೊಳ್ಳುತ್ತೆ. ಕಾರಿಡಾರ್ 2.4 ಮೀಟರ್ ಇದ್ದರೆ 6 ಮೀಟರಿನ ಪೆಟ್ಟಿಗೆಯೂ ತಿರುಗುತ್ತೆ. ಆ 90 ಸೆಂ.ಮೀ. ಉಳಿಸೋಕೆ ಹೋಗಬೇಡಿ.

ಸೈಜುಗಲ್ಲು:
ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಕೆಲಸ ಇಲ್ಲಿ ಬರಲೇಬೇಕು. ದೇವರ ವಿಗ್ರಹ ಕಡೆಯೋ ಕೈಗಳ ಜೊತೆ ಇವತ್ತಿನ ಕಲಾವಿದರು ಸೇರಿ ಕೆಲಸ ಮಾಡೋ ಹಾಗೆ ಒಂದು ಕೊಟ್ಟಿಗೆಯೂ ಇರಲಿ.

ಪಾಯದ_ಲೆಕ್ಕ:
ಇರಲೇಬೇಕು, ಆದರೆ ಶಿಲ್ಪ ನೆಲಮಹಡಿಯಲ್ಲೇ. ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಮ್ಯೂಸಿಯಂ ನೆಲಕ್ಕೆ ಚದರ ಮೀಟರಿಗೆ 4 ಕಿಲೋನ್ಯೂಟನ್, ಹೆಚ್ಚುಕಮ್ಮಿ 400 ಕೆ.ಜಿ. 6 ಅಡಿ ಎತ್ತರ, 3 ಅಡಿ ಚೌಕದ ಒಂದು ದಿಮ್ಮಿ ತೆಗೆದುಕೊಳ್ಳಿ. ಒಂದೂವರೆ ಘನ ಮೀಟರ್, 4 ಟನ್ ಮೇಲೆ. ಬುಡದ ಜಾಗ ಒಂದು ಚದರ ಮೀಟರೂ ಇಲ್ಲ. ನಿಯಮದ ಭಾರಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಒಂದೇ ಕಡೆ ಕೂರುತ್ತೆ. ಮಹಡಿ ಮೇಲೆ ಇಡಬೇಕಾದರೆ ಕೆಳಗೆ ಉಕ್ಕಿನ ತೊಲೆ ಹಾಸಿ ಭಾರ ಹಂಚಬೇಕು, ಲಿಫ್ಟೂ ಅಷ್ಟು ಹೊರಬೇಕು. ನೆಲಮಹಡಿಯಲ್ಲಿ 20 ಸೆಂ.ಮೀ. ಕಾಂಕ್ರೀಟ್ ಹಾಸು, ಎರಡು ಪದರ ಕಂಬಿ ಜಾಲ, ಕೆಳಗೆ ಚೆನ್ನಾಗಿ ದಮ್ಮಸು ಮಾಡಿದ ಜಲ್ಲಿ ಇದ್ದರೆ ಇಂಥದ್ದು ಆರಾಮಾಗಿ ನಿಲ್ಲುತ್ತೆ. ಸೂರಿನ ತೊಲೆಯಲ್ಲಿ 2 ಟನ್ ಎತ್ತೋ ಕೊಕ್ಕೆಗಳನ್ನು ಕಾಂಕ್ರೀಟ್ ಹಾಕುವಾಗಲೇ ಬಿಡಿ. ಆಮೇಲೆ ಕೊರೆದು ಹಾಕೋದು ದುಬಾರಿ, ನಂಬಿಕೆಗೂ ಕಡಿಮೆ.

ಕಡೆಯೋ ಕೊಟ್ಟಿಗೆ ಮಾತ್ರ ಬೇರೆ ಕಟ್ಟಡ, ಗಾಳಿ ಮ್ಯೂಸಿಯಂ ದಾಟಿ ಹೋಗೋ ಕಡೆಗೆ. ಕಲ್ಲಿನ ದೂಳಿನಲ್ಲಿ ಸಿಲಿಕಾ ಇರುತ್ತೆ. ಚಿತ್ರಕ್ಕೂ ಕೆಟ್ಟದ್ದು, ಅದಕ್ಕಿಂತ ಮೊದಲು ಶಿಲ್ಪಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಕತ್ತರಿಸೋ ವ್ಯವಸ್ಥೆ ಇರಲಿ.

ಚಾಂಪಿಯನ್_ರೀಫ್:
ಹೊಸದಾಗಿ ಯಾಕೆ ಕಟ್ಟಬೇಕು? ಕೆಜಿಎಫ್‌ನಲ್ಲಿ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಎತ್ತರದ ಶೆಡ್‌ಗಳು ನಿಂತಿವೆ. ಕೊಚ್ಚಿ ಬಿಯೆನ್ನಾಲೆ ಅನ್ನೋ ಕಲಾ ಹಬ್ಬ 2012ರಿಂದ ಆಸ್ಪಿನ್‌ವಾಲ್‌ನಂಥ ಹಳೆಯ ಮಳಿಗೆಗಳಲ್ಲೇ ನಡೆದು ಬಂದಿಲ್ವಾ? ಸಮಕಾಲೀನ ಕಲೆಗೆ ಬೇಕಾಗಿರೋದು ಎತ್ತರ, ಅಗಲ, ಒಂದಿಷ್ಟು ಕರೆಂಟು.

ಉಗ್ರಾಣಿ:
ಬಿಯೆನ್ನಾಲೆ ಕೆಲವು ತಿಂಗಳ ಹಬ್ಬ, ಮ್ಯೂಸಿಯಂ ಸಂಗ್ರಹ ಇಟ್ಟುಕೊಂಡು ಕಾಯೋ ಜಾಗ. ಎರಡರ ಹೊಣೆ ಬೇರೆ. ಶೆಡ್ಡು ಇನ್‌ಸ್ಟಲೇಷನ್‌ಗೆ ಚೆಂದ, ಒಪ್ತೀನಿ. ಆದರೆ ತಗಡಿನ ಸೂರಿನ ಕೆಳಗೆ ಕಾಗದದ ಕೆಲಸ ಇಡೋಕಾಗಲ್ಲ. ಕೆಜಿಎಫ್‌ನಲ್ಲಿ ಇನ್ನೂ ಎರಡು ವಿಷಯ: ಸೈನೈಡ್ ದಿಬ್ಬಗಳ ನುಣುಪು ದೂಳು ಬೇಸಿಗೆ ಗಾಳಿಗೆ ಏಳುತ್ತೆ, ಕೆಳಗೆ ನೆಲ ಟೊಳ್ಳಾಗಿದೆ. ಜಾಗ ಆರಿಸೋ ಮುಂಚೆ ಗಣಿಯ ಹಳೆಯ ನಕ್ಷೆ ಮೇಲೆ ಕಟ್ಟಡದ ನಕ್ಷೆ ಇಟ್ಟು ನೋಡಬೇಕು.

ಚಾಂಪಿಯನ್_ರೀಫ್:
ಶೆಡ್ಡಿನೊಳಗೆ ಇನ್ನೊಂದು ಪೆಟ್ಟಿಗೆ ಕಟ್ಟಿದರೆ? ಹೊರಗಿನ ತಗಡು ಬರೀ ಕೊಡೆ ಥರ.

ಉಗ್ರಾಣಿ:
ಹಾಗಾದರೆ ಒಪ್ಪಿಗೆ. ನಿಜ ಹೇಳಬೇಕೆಂದರೆ ಹೊಸ ಕಟ್ಟಡಕ್ಕೂ ಅದೇ ಸೂತ್ರ. ಎಲ್ಲಾ 2000 ಚದರ ಮೀಟರಿಗೂ ಎಸಿ ಹಾಕೋದು ಬೇಡ. ಮೂರು ದರ್ಜೆ ಮಾಡಿ.

ಒಂದು, ಅಂಗಳ, ಜಗಲಿ, ಶಿಲ್ಪದ ಪಡಸಾಲೆ. ಎಸಿ ಇಲ್ಲ, ಗಾಳಿ ಬೆಳಕು ಮುಕ್ತ. ಎರಡು, ದೊಡ್ಡ ಹಾಲ್‌ಗಳು. ನಿರೋಧಕ ಸೂರು, ಫ್ಯಾನು, ತೀರಾ ಬೇಕಾದಾಗ ಎಸಿ. ಮೂರು, ಒಂದು ಚಿಕ್ಕ ಗ್ಯಾಲರಿ ಮತ್ತು ಉಗ್ರಾಣ. ಇಲ್ಲಿ ಮಾತ್ರ ಹಗಲು ರಾತ್ರಿ ನಿಯಂತ್ರಣ: 16ರಿಂದ 25 ಡಿಗ್ರಿ, ತೇವಾಂಶ ಶೇ. 40ರಿಂದ 60, ಒಂದು ದಿನದೊಳಗೆ ಶೇ. 10ಕ್ಕಿಂತ ಹೆಚ್ಚು ಏರಿಳಿತ ಇಲ್ಲದ ಹಾಗೆ. ಬಿಜೋ (Bizot) ಅನ್ನೋ ಅಂತರರಾಷ್ಟ್ರೀಯ ಗುಂಪಿನ ದೊಡ್ಡ ಮ್ಯೂಸಿಯಂಗಳು ಒಪ್ಪಿದ ಅಳತೆ ಇದು. ಇಷ್ಟಿದ್ದರೆ ಬೇರೆ ಸಂಸ್ಥೆಗಳಿಂದ ಕೃತಿ ಎರವಲು ಕೇಳೋಕೆ ಮುಖ ಇರುತ್ತೆ.

ಉಗ್ರಾಣಕ್ಕೆ ಒಟ್ಟು ಜಾಗದ ಕಾಲು ಭಾಗ ಕೊಡಿ. ನಕ್ಷೆ ಬರೆಯುವಾಗ ಎಲ್ಲರೂ ಮೊದಲು ಕತ್ತರಿಸೋದು ಇದನ್ನೇ, ಹತ್ತು ವರ್ಷದಲ್ಲಿ ಕೃತಿಗಳು ಮೆಟ್ಟಿಲ ಕೆಳಗೆ ಬಂದು ಕೂರೋದು ಅದಕ್ಕೇ. ನೆಲಮಾಳಿಗೆಯಲ್ಲಿ ಇಡಬೇಡಿ, ನೀರು ನುಗ್ಗುತ್ತೆ. ಮೇಲ್ಮಹಡಿಯಲ್ಲೂ ಬೇಡ, ಸೂರು ಕಾಯುತ್ತೆ. ಕಟ್ಟಡದ ನಡುವೆ, ಹೊರಗೋಡೆ ತಾಗದ ಹಾಗೆ. ಅದರ ಮೇಲೆ ಶೌಚಾಲಯ, ನೀರಿನ ಪೈಪು ಹಾಯಬಾರದು. ಬೆಂಕಿಗೆ ನೀರಿನ ಸ್ಪ್ರಿಂಕ್ಲರ್ ಬದಲು ಅಲ್ಲಿ ಗ್ಯಾಸ್ ವ್ಯವಸ್ಥೆ.

ನಂದಿ_ತಪ್ಪಲು:
ಆಸ್ಟ್ರಿಯಾದ ಬ್ರೆಗೆಂಜ್ ಅನ್ನೋ ಸಣ್ಣ ಊರಲ್ಲಿ ವಾಸ್ತುಶಿಲ್ಪಿ ಪೀಟರ್ ಜುಮ್ತೋರ್ 1997ರಲ್ಲಿ ಕಟ್ಟಿದ ಮ್ಯೂಸಿಯಂ ಇದೆಯಲ್ಲ, ಕಾಂಕ್ರೀಟ್ ಗೋಡೆಯೊಳಗೆ ನೀರಿನ ಕೊಳವೆ ಹಾಯಿಸಿ ತಂಪು ಮಾಡಿದ್ದಾರೆ. ಎಸಿ ಗದ್ದಲವೇ ಇಲ್ಲ. ಅದೇ ಮಾಡಬಹುದಲ್ಲ?

ಮಾಲೂರು_ಹೆಂಚು:
ಜುಲೈನಲ್ಲಿ ಗೋಡೆ ಬೆವರುತ್ತೆ. ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಇಬ್ಬನಿ ಬಿಂದು 20 ಡಿಗ್ರಿ. ಗೋಡೆಯನ್ನು ಅದಕ್ಕಿಂತ ಕೆಳಗೆ ತಣಿಸಿದ ಕ್ಷಣ ನೀರಹನಿ. ಬಾಗಿಲು ತೆರೆದು ಜನ ಒಳಗೆ ಬಂದಷ್ಟೂ ಹಸಿ ಗಾಳಿ ಬರುತ್ತೆ. ಮೊದಲು ಗಾಳಿಯ ತೇವ ತೆಗೆಯೋ ಯಂತ್ರ ಬೇಕು, ಆಮೇಲೆ ಗೋಡೆ ತಣಿಸೋ ಮಾತು. ಎರಡೂ ಹಾಕೋ ಖರ್ಚಿದ್ದರೆ ಮಾಡಿ.

ಇನ್ನು ಬೇಸಿಗೆಯ ಒಣಹವೆಗೆ ಹ್ಯೂಮಿಡಿಫೈಯರ್ ಇಡ್ತೀವಿ ಅಂತ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಗಡಸು ನೀರಿಗೆ ಸುಣ್ಣ ಕಟ್ಟಿ ಯಂತ್ರ ಕೆಡುತ್ತೆ, ಅಲ್ಟ್ರಾಸಾನಿಕ್ ಆದರೆ ಬಿಳಿ ಪುಡಿ ಕೃತಿಗಳ ಮೇಲೆ ಕೂರುತ್ತೆ. ಆರ್‌ಒ ನೀರೇ ಬೇಕು.

ಕೋಲಾರದ_ಕುಂಚ:
ಸೂರಿಗೆ ವಾಪಸ್ ಬರೋಣ. ಕಾಂಕ್ರೀಟ್ ಅಂದರೆ ಕಾಯಲ್ವಾ?

ಮಾಲೂರು_ಹೆಂಚು:
13 ಡಿಗ್ರಿಯಲ್ಲಿ ಕಟ್ಟಡದ ಎಲ್ಲಾ ಮೈಗಿಂತ ಹೆಚ್ಚು ಬಿಸಿಲು ತಿನ್ನೋದು ಸೂರೇ. ಕಾಂಕ್ರೀಟ್ ಮೇಲೆ 75–100 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯೋ ಗಟ್ಟಿ ಫೋಮ್), ಅದರ ಮೇಲೆ 30 ಸೆಂ.ಮೀ. ಗಾಳಿಯ ಸಂದು ಬಿಟ್ಟು ಎರಡನೇ ಸೂರು. ಅದಕ್ಕೆ ಹೆಂಚು. ಹೆಂಚಿನ ಹೊದಿಕೆ ಚದರ ಮೀಟರಿಗೆ 40 ಕೆ.ಜಿ. ಆಸುಪಾಸು.

ಸೈಜುಗಲ್ಲು:
ಆ ಎರಡನೇ ಸೂರಿಗೆ ಚಪ್ಪಡಿ ಯಾಕಾಗಬಾರದು? ಅಲ್ಲಿ ಅಂತರ ಎಷ್ಟು ಕಡಿಮೆ ಬೇಕಾದರೂ ಇಟ್ಟುಕೊಳ್ಳಬಹುದು. ಗಿಡ್ಡ ಕಂಬದ ಮೇಲೆ ಒಂದೂವರೆ ಮೀಟರಿಗೊಂದು ಚಪ್ಪಡಿ. ನೂರು ವರ್ಷ ತಿರುಗಿ ನೋಡಬೇಕಾಗಿಲ್ಲ. ಹೆಂಚನ್ನು ಮಂಗಗಳು ವರ್ಷಕ್ಕೊಮ್ಮೆ ಒಡೆದು ಹಾಕ್ತವೆ.

ಪಾಯದ_ಲೆಕ್ಕ:
ಇದು ನನಗೆ ಹಿಡಿಸಿತು. 75 ಮಿ.ಮೀ. ಚಪ್ಪಡಿ ಅಂದರೆ ಚದರ ಮೀಟರಿಗೆ 200 ಕೆ.ಜಿ., ಹೆಂಚಿನ ಐದು ಪಟ್ಟು. 10 ಮೀಟರ್ ಅಂತರದ ದೊಡ್ಡ ಹಾಲ್ ಮೇಲೆ ಅಷ್ಟು ಹೊರಿಸಿದರೆ ತೊಲೆ ದಪ್ಪವಾಗುತ್ತೆ. ಹಾಗಾಗಿ ದೊಡ್ಡ ಹಾಲ್‌ಗೆ ಹೆಂಚು, ಗೋಡೆ ಹತ್ತಿರ ಹತ್ತಿರ ಇರೋ ಉಗ್ರಾಣ, ಕಚೇರಿ, ಜಗಲಿಗೆ ಚಪ್ಪಡಿ. ಸಂದಿಯ ಸುತ್ತ 12 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಹಾಕದಿದ್ದರೆ ಪಾರಿವಾಳ, ಬಾವಲಿ ಸಂಸಾರ ಹೂಡ್ತವೆ. ಅವುಗಳ ಹಿಕ್ಕೆಯ ಆಮ್ಲ ಗಾಜಿಗೂ ತಗಡಿಗೂ ಕೆಟ್ಟದ್ದು.

ಬೆಳಕಿಂಡಿ:
ಮಳೆಯ ದಿಕ್ಕನ್ನೂ ನೋಡಿ. ಇಲ್ಲಿ ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬಂದಾಗ ಗಾಳಿ ಈಶಾನ್ಯದಿಂದ ಬೀಸುತ್ತೆ. ನಮ್ಮ ಗಾಜು ಇರೋದೂ ಉತ್ತರಕ್ಕೇ. ಓರೆ ಮಳೆ ನೇರ ಗಾಜಿನ ಬುಡಕ್ಕೆ ಹೊಡೆಯುತ್ತೆ. ಸೂರಿನ ಮಟ್ಟದಿಂದ ಗಾಜಿನ ಬುಡ ಕನಿಷ್ಠ 30 ಸೆಂ.ಮೀ. ಮೇಲಿರಲಿ, ಬುಡದಲ್ಲಿ ತಗಡಿನ ಮಡಿಕೆ ಜಲನಿರೋಧಕ ಪದರದ ಮೇಲೆ ಹೊರಗೆ ಇಳಿಯಲಿ. ಸಿಲಿಕಾನ್ ಒಂದನ್ನೇ ನಂಬಬೇಡಿ. ಗಾಜು ಒರೆಸೋಕೆ ಆಳು ನಿಂತು ನಡೆಯೋ 60 ಸೆಂ.ಮೀ. ದಾರಿ ಇರಲಿ. ಕ್ರಷರ್ ದೂಳಿರೋ ಕಡೆ ಒರೆಸದ ಗಾಜು ಬೆಳಕನ್ನು ಬೇಗ ಕುಂದಿಸುತ್ತೆ.

ಸದ್ದುಗದ್ದಲ:
ಎಲ್ಲಾ ಕಣ್ಣಿನ ಮಾತೇ ಆಯ್ತು. ಕಿವಿ? 20 ಮೀಟರ್ ಉದ್ದ, 10 ಅಗಲ, 6 ಎತ್ತರದ ಹಾಲ್, ಗೋಡೆ ನೆಲ ಸೂರು ಎಲ್ಲಾ ಗಟ್ಟಿ ಮೈ ಅಂದುಕೊಳ್ಳಿ. 1200 ಘನ ಮೀಟರ್, ಒಳಮೈ 760 ಚದರ ಮೀಟರ್, ಹೀರಿಕೆ ನೂರಕ್ಕೆ ಮೂರು. ಸದ್ದು ಸಾಯೋಕೆ 8 ಸೆಕೆಂಡ್ ದಾಟುತ್ತೆ. ಅಲ್ಲಿ ವಿಡಿಯೋ ಕೃತಿ ಹಾಕಿದರೆ ಒಂದು ಮಾತೂ ತಿಳಿಯಲ್ಲ, ಶಾಲೆ ಮಕ್ಕಳ ಗುಂಪು ಬಂದರೆ ಗೈಡ್ ಬಾಯಿ ಮುಚ್ಚಿಕೊಳ್ಳಬೇಕು. ಒಂದೂವರೆ ಸೆಕೆಂಡಿಗೆ ಇಳಿಸಬೇಕಾದರೆ ಸುಮಾರು 130 ಚದರ ಮೀಟರಿನಷ್ಟು ಪೂರ್ಣ ಹೀರಿಕೆ ಬೇಕು. ಸೂರಿನ ಇಡೀ ಕೆಳಮೈಗೆ ಮರದ ನಾರಿನ ಹಲಗೆ, ಹಿಂದೆ ರಾಕ್‌ವೂಲ್ ಹಾಕಿದರೆ ಬಹುಪಾಲು ಸಿಗುತ್ತೆ.

ಗೋಡೆಮೊಳೆ:
ಸೂರಿಗೆ ಹಲಗೆ ಹಾಕುವಾಗ ಲೈಟ್ ಹಳಿ ಎಲ್ಲಿ ಹಾಯುತ್ತೆ ಅಂತ ಮೊದಲೇ ಗುರುತು ಮಾಡಿ. ಪ್ರದರ್ಶನದ ಗೋಡೆಯಿಂದ ಒಂದೂವರೆ ಎರಡು ಮೀಟರ್ ದೂರ, ದೀಪ ಲಂಬಕ್ಕೆ 30 ಡಿಗ್ರಿ ಓರೆ. ಎಲ್‌ಇಡಿ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕಿ) 90ಕ್ಕಿಂತ ಮೇಲೆ. ಮತ್ತೆ ನೆಲದ ಗ್ರಾನೈಟ್‌ಗೆ ಕನ್ನಡಿ ಪಾಲಿಶ್ ಮಾಡಿಸಬೇಡಿ ದಯವಿಟ್ಟು. ದೀಪದ ಬಿಂಬ ನೆಲದಿಂದ ಪುಟಿದು ಗಾಜು ಹಾಕಿದ ಚಿತ್ರದ ಮೇಲೆ ಬೀಳುತ್ತೆ. ಫ್ಲೇಮ್ಡ್ (ಬೆಂಕಿಯಿಂದ ಒರಟು) ಮಾಡಿದರೆ ಟ್ರಾಲಿ ಕಡಕಡ ಅನ್ನುತ್ತೆ. ಹೋನ್ ಮಾಡಿದ ಮಂಕು ಮೈಯೇ ಸರಿ.

ನಂದಿ_ತಪ್ಪಲು:
ಮುಂದೆ ಒಂದು ಉದ್ದ ಜಗಲಿ ಇರಲಿ. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಕೂರೋ ಹಾಗೆ. ಬಸ್‌ಸ್ಟ್ಯಾಂಡಿನಿಂದ ನಡೆದು ಬರೋ ದೂರ ಇದ್ದರೆ ಇನ್ನೂ ಒಳ್ಳೆಯದು. ಊರಾಚೆ ಬೈಪಾಸ್‌ನಲ್ಲಿ ಕಟ್ಟಿದರೆ ಕಾರಿರೋರಿಗೆ ಮಾತ್ರ ಮ್ಯೂಸಿಯಂ.

ಕಲ್ಪತರು_ನಾಡು:
ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಕಾರ್ಯಕ್ರಮಕ್ಕೆ ಜನ ಬೆಟ್ಟ ಹತ್ತಿ ಬರ್ತಾರಲ್ಲ. ಒಳಗೆ ಸತ್ವ ಇದ್ದರೆ ದೂರ ಲೆಕ್ಕಕ್ಕಿಲ್ಲ.

ನಂದಿ_ತಪ್ಪಲು:
ತಿಂಗಳಿಗೊಂದು ರಾತ್ರಿಗೆ ಬರ್ತಾರೆ. ಮ್ಯೂಸಿಯಂ ಮಂಗಳವಾರ ಮಧ್ಯಾಹ್ನವೂ ತೆರೆದಿರುತ್ತೆ. ಕಾಲೇಜು ಬಿಟ್ಟ ಹುಡುಗಿ ಬಸ್ಸಿಗೆ ಕಾಯೋ ಅರ್ಧ ಗಂಟೆಯಲ್ಲಿ ಒಳಗೆ ಬಂದು ಹೋಗೋ ಹಾಗಿರಬೇಕು.

ಕೋಲಾರದ_ಕುಂಚ:
ನಂದಿ_ತಪ್ಪಲು ಮಾತಿಗೆ ನನ್ನ ವೋಟು. ಬೆಳಕಿಂಡಿ ಅವರಿಗೆ ಕೊನೆ ಪ್ರಶ್ನೆ. ನೀವು ಹೇಳಿದ ಸಜ್ಜ, ರೆಕ್ಕೆ ಎಲ್ಲಾ ಕಟ್ಟೋ ಮುಂಚೆ ಪರೀಕ್ಷೆ ಮಾಡೋಕೆ ದುಬಾರಿ ಸಾಫ್ಟ್‌ವೇರೇ ಬೇಕಾ?

ಬೆಳಕಿಂಡಿ:
ಬೇಡ. ರಟ್ಟಿನ ಮಾದರಿ ಸಾಕು. ಬೆಳಕಿನ ಹಂಚಿಕೆ ಮಾದರಿ ಚಿಕ್ಕದಾದರೂ ಬದಲಾಗಲ್ಲ, ಒಳಮೈಯ ಬಣ್ಣ ನಿಜದ್ದೇ ಇದ್ದರೆ. 1:20 ಅಳತೆಯಲ್ಲಿ ಮಾಡಿ, 10 ಮೀಟರ್ ಹಾಲ್ ಅರ್ಧ ಮೀಟರ್ ಆಗುತ್ತೆ. ಗೋಡೆಗೆ ಮ್ಯಾಟ್ ಬಿಳಿ, ನೆಲಕ್ಕೆ ಬೂದು ಕಾಗದ. ಕೀಲುಗಳಿಗೆ ಕಪ್ಪು ಟೇಪ್ ಹಾಕಿ, ಸಂದಿಯಿಂದ ನುಸುಳೋ ಬೆಳಕು ಲೆಕ್ಕ ಕೆಡಿಸುತ್ತೆ. ಮೋಡ ಕವಿದ ದಿನ ತಾರಸಿ ಮೇಲಿಟ್ಟು, ಒಳಗಿನ ಲಕ್ಸ್ ಅನ್ನು ಹೊರಗಿನದರಿಂದ ಭಾಗಿಸಿ. ಹೊರಗೆ 10,000 ಇದ್ದು ಒಳಗೆ 200 ಬಂದರೆ ನೂರಕ್ಕೆ ಎರಡು, ಚಿತ್ರದ ಗ್ಯಾಲರಿಗೆ ಅಷ್ಟು ಸಾಕು.

ನೇರ ಬಿಸಿಲಿಗೆ ಬೇರೆ ಪರೀಕ್ಷೆ. ಜೂನ್ ತನಕ ಕಾಯಬೇಕಾಗಿಲ್ಲ. 13 ಡಿಗ್ರಿಗೆ ಬರೆದ ನೆರಳುಗಡಿಯಾರದ ಚೀಟಿಯನ್ನು ಮಾದರಿಯ ಉತ್ತರಕ್ಕೆ ಹೊಂದಿಸಿ ಅಂಟಿಸಿ, ಅದರ ಕಡ್ಡಿಯ ನೆರಳು "ಜೂನ್ 21, 8 ಗಂಟೆ" ಗೆರೆಗೆ ಬರೋ ತನಕ ಮಾದರಿಯನ್ನು ಓರೆ ಮಾಡಿ. ಒಳಗೆ ಗೋಡೆ ಮೇಲೆ ಬಿಸಿಲ ಪಟ್ಟೆ ಕಂಡರೆ ರೆಕ್ಕೆ ಉದ್ದ ಮಾಡಬೇಕು.

ಕೋಲಾರದ_ಕುಂಚ:
ಲಕ್ಸ್ ಮೀಟರ್ ಎಲ್ಲಿಡೋದು, ನೆಲದ ಮೇಲಾ?

ಬೆಳಕಿಂಡಿ:
ನೆಲದ ಮೇಲಲ್ಲ, ಚಿತ್ರ ಬರೋ ಗೋಡೆ ಮೇಲೆ ನಿಲ್ಲಿಸಿ, ಕಣ್ಣು ಹಾಲ್ ಕಡೆಗೆ. 1:20ರಲ್ಲಿ ನೆಲದಿಂದ ಏಳೂವರೆ ಸೆಂ.ಮೀ. ಎತ್ತರಕ್ಕೆ. ಒಂದೇ ಕಡೆ ಬೇಡ, ಗೋಡೆಯ ಎರಡೂ ತುದಿ ಮತ್ತು ನಡುವೆ, ಮೂರು ಕಡೆ ಅಳೆಯಿರಿ. ಅತಿ ಹೆಚ್ಚು, ಅತಿ ಕಡಿಮೆ ನಡುವೆ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಜಿನ ಜಾಗ ಬದಲಿಸಿ. ಮೀಟರಿನ ಕಣ್ಣು ಬಿಡಿಯಾಗಿ ತಂತಿಗೆ ಜೋಡಿಸಿದ್ದು ತಗೊಳ್ಳಿ, ಇಲ್ಲದಿದ್ದರೆ ನಿಮ್ಮ ಕೈ ನೆರಳೇ ಅಳತೆಗೆ ಬರುತ್ತೆ.